ಹಳೇ ಮನೆಯಲ್ಲಿ ತಂಗುವ ಮುನ್ನ: ಶಿರಸಿ ಸೀಮೆಯಿಂದ ಕಾರವಾರದ ತನಕ, ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಅಡಕೆ ತೋಟದ ಮನೆಗಳು, ಗೋಕರ್ಣದ ರಥಬೀದಿಯ ಮಾಳಿಗೆ ಮನೆಗಳು, ಕಾರವಾರ-ಅಂಕೋಲಾ ಕಡೆಯ ಹೆಂಚಿನ ಬಂಗಲೆಗಳು. ಇಂಥ ಹಳೇ ಮನೆಗಳಲ್ಲಿ ಎರಡು ಮೂರು ಕೋಣೆಗಳನ್ನು ಉಳಿಯಲು ಬರುವವರಿಗೆ ಬಿಟ್ಟುಕೊಡುವುದು ಈಗ ಉತ್ತರ ಕನ್ನಡದಲ್ಲಿ ಹೊಸದೇನಲ್ಲ. ಬರುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಮಾತ್ರ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಕೆಳಗಿನ ಉತ್ತರಗಳು ಒಂದೇ ಮನೆಗೆ ಸಂಬಂಧಿಸಿದವಲ್ಲ. ಮನೆಯಿಂದ ಮನೆಗೆ ಬದಲಾಗುವ ಸಂಗತಿಯಿದ್ದರೆ ಅದನ್ನು ಅಲ್ಲಲ್ಲೇ ಹೇಳಿದ್ದೇವೆ.

ಹೋಟೆಲಿಗೂ ಇದಕ್ಕೂ ಏನು ವ್ಯತ್ಯಾಸ?

ಮನೆಯವರು ಅಲ್ಲೇ ಇರುತ್ತಾರೆ. ಅವರ ದನ, ದೇವರು, ತೋಟ, ಮೊಮ್ಮಕ್ಕಳ ಪರೀಕ್ಷೆ ಎಲ್ಲ ಅದೇ ಸೂರಿನಡಿ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಬೆಲ್ ಒತ್ತಿದರೆ ಚಹಾ ತರುವವರು ಯಾರೂ ಇಲ್ಲ. ಅದರ ಬದಲು ಬೆಳಿಗ್ಗೆ ಆರಕ್ಕೆ ಎದ್ದರೆ ಆಗಷ್ಟೇ ಕರೆದ ಹಾಲಿನ ಚಹಾ ತಾನಾಗಿಯೇ ಬರುತ್ತದೆ. ದರ ಹೆಚ್ಚಾಗಿ ಕೋಣೆಗೆ ಇಷ್ಟು ಎಂದಿರುವುದಿಲ್ಲ, ತಲೆಗೆ ಇಷ್ಟು ಎಂದಿರುತ್ತದೆ. ತಿಂಡಿ ಮತ್ತು ಎರಡು ಹೊತ್ತಿನ ಊಟ ಅದರಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಹತ್ತಿರದ ಹೋಟೆಲು ಹತ್ತು-ಹದಿನೈದು ಕಿಲೋಮೀಟರ್ ದೂರ ಇರಬಹುದು.

ಯಾವ ತಿಂಗಳು ಬಂದರೆ ಒಳ್ಳೆಯದು?

ಏನು ಬೇಕೆಂಬುದರ ಮೇಲೆ ಹೋಗುತ್ತದೆ. ಮನೆ ನೋಡಬೇಕು, ಊರು ಸುತ್ತಬೇಕು ಅನ್ನುವವರಿಗೆ ನವೆಂಬರಿನಿಂದ ಫೆಬ್ರವರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ನಸುಕಿಗೆ ಸ್ವೆಟರ್ ಬೇಕೇ ಬೇಕು. ಹೆಂಚಿನ ಮಾಡಿನ ಸಂದಿನಿಂದ ಗಾಳಿ ಆಡುತ್ತಲೇ ಇರುವುದರಿಂದ ಒಳಗಿನ ಚಳಿಗೂ ಹೊರಗಿನ ಚಳಿಗೂ ದೊಡ್ಡ ಅಂತರವಿಲ್ಲ. ಅದೇ ದಿನ ಕಾರವಾರದಲ್ಲಿ ತೆಳು ಅಂಗಿ ಸಾಕಾಗುತ್ತದೆ.

ಆದರೆ ಘಟ್ಟದ ಮೇಲೆ ಅದೇ ಹೊತ್ತಿಗೆ ಅಡಕೆ ಕೊಯ್ಲು. ಮನೆಯವರಿಗೆ ಪುರುಸೊತ್ತು ಇರುವುದಿಲ್ಲ, ಅಂಗಳದ ತುಂಬ ಅಡಕೆ, ರಾತ್ರಿ ಹತ್ತರವರೆಗೆ ಸುಲಿಯುವವರ ಮಾತುಕತೆ. ಕೆಲವರಿಗೆ ಇದೇ ಇಷ್ಟ. ಪೂರ್ತಿ ಸದ್ದಿಲ್ಲದ ರಜೆ ಬೇಕಿದ್ದವರು ಅಕ್ಟೋಬರ್ ಆರಿಸಿಕೊಳ್ಳಿ. ಮಳೆ ಹಿಂದೆ ಸರಿದಿರುತ್ತದೆ, ಜಲಪಾತಗಳಲ್ಲಿ ನೀರು ಇನ್ನೂ ಇರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ. ನಮ್ಮ ಮಟ್ಟಿಗೆ ವರ್ಷದ ಅತ್ಯುತ್ತಮ ಸಮಯ ಅದೇ, ಆದರೂ ಆಗ ಬರುವವರು ಕಡಿಮೆ.

ಮೇ ತಿಂಗಳಲ್ಲಿ ಕರಾವಳಿಯಲ್ಲಿ ಬೆವರು ಇಳಿಯುತ್ತದೆ, ಬಾವಿ ನೀರು ತಳ ಕಾಣುತ್ತದೆ. ಆದರೆ ಅಂಕೋಲಾದ ಕರಿ ಇಶಾಡು ಮಾವು ಸಿಗುವುದೂ ಆಗಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಜುಲೈನಲ್ಲಿ ಮೂರು ನಾಲ್ಕು ದಿನ ಬಿಡದೆ ಸುರಿದರೆ ನೀವು ಜಗಲಿಯಲ್ಲಿ ಕೂತೇ ಇರಬೇಕು. ಕೂರಲು ಒಪ್ಪುವವರು ಮಾತ್ರ ಬನ್ನಿ.

ಕೋಣೆ ಸಿಗದ ದಿನಗಳು ಯಾವುವು?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022 ಮತ್ತು 2024ರಲ್ಲಿ ಆದಂತೆ ಸಮಸಂಖ್ಯೆಯ ವರ್ಷಗಳಲ್ಲಿ, ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಆ ವಾರ ಪೇಟೆಯಲ್ಲಿ ಮಾತ್ರವಲ್ಲ, ಸುತ್ತಲಿನ ಹಳ್ಳಿ ಮನೆಗಳಲ್ಲೂ ನೆಂಟರು ತುಂಬಿರುತ್ತಾರೆ. ಜಾತ್ರೆಯಿಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ ಎಂಬ ಜನಪದ ಕುಣಿತ ಇರುತ್ತದೆ. ಅದಕ್ಕೂ ಜನ ಸೇರುತ್ತಾರೆ. ಶಿವರಾತ್ರಿಗೆ ಗೋಕರ್ಣದಲ್ಲಿ, ಯಾಣದಲ್ಲಿ, ಸಹಸ್ರಲಿಂಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರ್ ಕೊನೆಯ ವಾರ ಗೋಕರ್ಣದಿಂದ ಕಾರವಾರದವರೆಗೆ ಕಡಲಂಚಿನಲ್ಲಿ ಎಲ್ಲೂ ಅಗ್ಗಕ್ಕೆ ಸಿಗುವುದಿಲ್ಲ.

ಬುಕ್ ಮಾಡುವಾಗ ಫೋನಿನಲ್ಲಿ ಏನೇನು ಕೇಳಬೇಕು?

ಫೋಟೋದಲ್ಲಿ ಕಾಣದ ಸಂಗತಿಗಳನ್ನು ಕೇಳಿ. ಕೋಣೆ ಕೆಳಗಿದೆಯೋ ಮಾಳಿಗೆಯ ಮೇಲೋ? ಶೌಚಾಲಯ ಕೋಣೆಗೆ ಅಂಟಿಕೊಂಡಿದೆಯೋ, ಅಂಗಳ ದಾಟಿ ಹೋಗಬೇಕೋ? ಕೋಣೆಯ ಗೋಡೆ ಮಾಡಿನವರೆಗೆ ಹೋಗಿದೆಯೋ, ಅರ್ಧಕ್ಕೆ ನಿಂತ ಹಲಗೆಯ ಗೋಡೆಯೋ? ಕಾರು ಅಂಗಳದವರೆಗೆ ಬರುತ್ತದೆಯೋ, ಕಾಲುಸಂಕ ದಾಟಿ ನಡೆಯಬೇಕೋ? ಯಾವ ಕಂಪನಿಯ ಸಿಮ್ ಅಲ್ಲಿ ಹಿಡಿಯುತ್ತದೆ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಮುಕ್ಕಾಲು ಜಗಳ ಅಲ್ಲೇ ಮುಗಿಯಿತು.

ಅರ್ಧ ಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಮನೆಗಳ ಮಾಳಿಗೆ ಕಟ್ಟಿದ್ದು ಮಲಗಲೆಂದಲ್ಲ. ಅಡಕೆ, ಭತ್ತ, ಪಾತ್ರೆ, ಮದುವೆ ಚಾಪೆ ಇಡಲೆಂದು. ಈಗ ಅದನ್ನೇ ಹಲಗೆ ಹಾಕಿ ಎರಡು ಮೂರು ಕೋಣೆ ಮಾಡಿದ್ದಾರೆ. ಗಾಳಿಯಾಡಲಿ ಎಂದು ಹಲಗೆಯನ್ನು ಏಳಡಿಗೆ ನಿಲ್ಲಿಸಿರುತ್ತಾರೆ. ಹೀಗಾಗಿ ಪಕ್ಕದ ಕೋಣೆಯವರ ಗೊರಕೆ, ಫೋನ್ ಮಾತು ಎಲ್ಲ ನಿಮ್ಮದೂ ಆಗುತ್ತದೆ. ನಿದ್ದೆ ಸೂಕ್ಷ್ಮ ಇರುವವರು, ಹೊಸದಾಗಿ ಮದುವೆಯಾದವರು, ಹಸುಗೂಸು ಇರುವವರು ಕಲ್ಲುಗೋಡೆಯ ಕೆಳಗಿನ ಕೋಣೆಯನ್ನೇ ಕೇಳಿ ಪಡೆಯಿರಿ.

ಬಾಗಿಲಿಗೆ ತಲೆ ಹೊಡೆಯುತ್ತದೆ ಅನ್ನುತ್ತಾರಲ್ಲ?

ಹೊಡೆಯುತ್ತದೆ. ಒಳಬಾಗಿಲುಗಳು ಐದಡಿ, ಐದೂಕಾಲಡಿಗಿಂತ ಎತ್ತರ ಇರುವುದು ಕಡಿಮೆ. ಕೆಳಗೆ ಅರ್ಧ ಅಡಿಯ ಹೊಸ್ತಿಲು. ತಲೆ ತಗ್ಗಿಸಿದವರು ಕಾಲು ಎತ್ತಲು ಮರೆಯುತ್ತಾರೆ, ಕಾಲು ನೋಡಿದವರು ತಲೆ ಮರೆಯುತ್ತಾರೆ. ಮೊದಲು ನಿಲ್ಲಿ, ತಗ್ಗಿ, ಆಮೇಲೆ ಕಾಲು ಎತ್ತಿ. ಹೊಸ್ತಿಲ ಮೇಲೆ ಕಾಲಿಡದೆ ದಾಟಿ. ಇಟ್ಟರೆ ಮನೆಯ ಹಿರಿಯರಿಗೆ ಬೇಸರ. ಪೆಟ್ಟು ಬೀಳುವುದು ಹೆಚ್ಚಾಗಿ ಎರಡನೇ ದಿನ, ಮನೆ ಪರಿಚಯವಾಯಿತು ಅನ್ನಿಸಿದ ಮೇಲೆ.

ಮಾಳಿಗೆಯ ಮೆಟ್ಟಿಲು ಇದಕ್ಕಿಂತ ಗಂಭೀರ ವಿಷಯ. ಕಡಿದಾಗಿರುತ್ತದೆ, ಒಂದೊಂದು ಮೆಟ್ಟಿಲು ಹತ್ತರಿಂದ ಹನ್ನೆರಡು ಇಂಚು ಎತ್ತರ, ಪಾದದ ಅರ್ಧ ಮಾತ್ರ ಊರುವಷ್ಟು ಅಗಲ. ಎಷ್ಟೋ ವರ್ಷ ಕಾಲಾಡಿ ಮರ ನುಣುಪಾಗಿದೆ. ಇಳಿಯುವಾಗ ಮೆಟ್ಟಿಲಿಗೆ ಮುಖ ಮಾಡಿ, ಹತ್ತಿದ ಹಾಗೆಯೇ ಹಿಮ್ಮುಖವಾಗಿ ಇಳಿಯಿರಿ. ಸಾಕ್ಸ್ ಹಾಕಿಕೊಂಡು ಇಳಿಯಬೇಡಿ. ಒಂದು ಕೈ ಹಗ್ಗ ಅಥವಾ ಕಟಕಟೆಗೆ ಬಿಟ್ಟಿರಲಿ, ಸೂಟ್‌ಕೇಸನ್ನು ಮನೆಯವರ ಕೈಗೆ ಮೇಲಿಂದ ದಾಟಿಸಿ. ಮಂಡಿನೋವಿನವರಿಗೆ ಮಾಳಿಗೆ ಬೇಡವೇ ಬೇಡ. ಮಧ್ಯರಾತ್ರಿ ಬಚ್ಚಲಿಗೆ ಇಳಿಯಬೇಕಾಗಿ ಬಂದಾಗ ಫೋನಿನ ಬೆಳಕು ಒಂದು ಕೈ ಹಿಡಿದುಬಿಡುತ್ತದೆ. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ತನ್ನಿ.

ರಾತ್ರಿ ಮಾಡಿನ ಮೇಲೆ ಯಾರೋ ಓಡಾಡಿದ ಹಾಗಾಗುತ್ತದೆ. ಏನದು?

ಕಾಡುಬೆಕ್ಕು, ಇಲಿ, ಒಮ್ಮೊಮ್ಮೆ ಬಾವಲಿ. ತೋಟದ ಹಣ್ಣಿಗೆ ಬರುವ ಕಾಡುಬೆಕ್ಕಿಗೆ ಹೆಂಚಿನ ಮಾಡು ರಾಜಮಾರ್ಗ. ಸಂಜೆ ಕೇಳುವ 'ಟಕ್ ಟಕ್' ಬೇರೆ: ಹಗಲು ಬಿಸಿಲಿಗೆ ಹಿಗ್ಗಿದ ಹೆಂಚು, ಮರ ತಣಿಯುವಾಗ ಮಾಡುವ ಸದ್ದು. ಬೆಳಿಗ್ಗೆ ಹಾಸಿಗೆಯ ಮೇಲೆ ಹಳದಿ ಬಣ್ಣದ ಸಣ್ಣ ಹುಡಿ ಕಂಡರೆ ಅದು ಜಂತೆಯೊಳಗೆ ಮರ ಕೊರೆಯುವ ಹುಳದ ಕೆಲಸ. ಸೊಳ್ಳೆ ಪರದೆ ಕಟ್ಟಿರುವುದು ಸೊಳ್ಳೆಗೆ ಎಷ್ಟೋ ಈ ಹುಡಿಗೂ ಅಷ್ಟೇ. ಸೊಳ್ಳೆ ಇಲ್ಲ ಅಂತ ಪರದೆ ಬಿಚ್ಚಿ ಮಲಗಬೇಡಿ. ಬಿಚ್ಚಿದಿರೋ, ಬೆಳಿಗ್ಗೆ ಕಣ್ಣುಜ್ಜುತ್ತ ಏಳುತ್ತೀರಿ.

ಮಾಡು ಸೋರುತ್ತದೆಯೇ?

ಚೆನ್ನಾಗಿ ನೋಡಿಕೊಂಡ ಹೆಂಚಿನ ಮಾಡು ಸೋರಬಾರದು. ಆದರೂ ದೊಡ್ಡ ಮಳೆಗೆ ಒಂದೆರಡು ಕಡೆ ಹನಿ ಬೀಳುವುದು ಸಾಮಾನ್ಯ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ್ದು ಈ ಅಂಚು ಕಚ್ಚುವ ಚಪ್ಪಟೆ ಹೆಂಚು. ಅದಕ್ಕೂ ಮೊದಲು ನಾಡಹೆಂಚು ಇಲ್ಲವೇ ಸೋಗೆ, ಹುಲ್ಲಿನ ಹೊದಿಕೆ. ಒಂದರ ತೋಡಿನಲ್ಲಿ ಇನ್ನೊಂದರ ಅಂಚು ಕೂರುವುದರಿಂದ ನೀರು ಜಾರಿ ಹೋಗುತ್ತದೆ. ಸೋರುವುದು ಮೂರು ಕಾರಣಕ್ಕೆ. ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಹೆಂಚು ಬಿರುಕು ಬಿಟ್ಟಿರುತ್ತದೆ. ತರಗೆಲೆ, ಪಾಚಿ ತೋಡಿನಲ್ಲಿ ಕೂತು ನೀರು ಹಿಂದಕ್ಕೆ ನುಗ್ಗುತ್ತದೆ. ಇಲ್ಲವೇ ಪಡುವಣ ಗಾಳಿ ಮಳೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುತ್ತದೆ. ಮೂರನೆಯದಕ್ಕೆ ಮದ್ದಿಲ್ಲ.

ಹನಿ ಬಿದ್ದರೆ ಮಂಚ ಎರಡಡಿ ಸರಿಸಿ, ಪಾತ್ರೆ ಇಟ್ಟು ಮನೆಯವರಿಗೆ ಹೇಳಿ. ಒಳಗಿನಿಂದ ಕೋಲಿನಲ್ಲಿ ಹೆಂಚು ಸರಿಪಡಿಸಲು ಹೋಗಬೇಡಿ. ಒಂದು ಹೆಂಚು ಕದಲಿದರೆ ಅದರ ಮೇಲಿನ ಸಾಲೂ ಕದಲುತ್ತದೆ.

ಮಳೆಗಾಲದಲ್ಲಿ ಜಗಲಿ, ಪಡುವಣ ಗೋಡೆಗೆ ಅಡಕೆ ಸೋಗೆಯ ಅಥವಾ ತೆಂಗಿನ ಮಡಲಿನ ತಟ್ಟಿ ಕಟ್ಟಿರುತ್ತಾರೆ. ಗೋಡೆಗೆ ಎರಚಲು ಹೊಡೆಯದಿರಲು ಅದು. ಒಳಗೆ ಹಗಲಲ್ಲೇ ಕತ್ತಲಾಗುತ್ತದೆ, ಫೋಟೋದಲ್ಲಿ ನೋಡಿದ ಮನೆ ಇದೇನಾ ಅನ್ನಿಸುತ್ತದೆ. ಅದೇ ಮನೆ. ತಟ್ಟಿ ಬಿಚ್ಚುವುದು ಮಳೆ ಮುಗಿದ ಮೇಲೆಯೇ.

ಬಿಸಿನೀರು ಇಪ್ಪತ್ನಾಲ್ಕು ಗಂಟೆ ಇರುತ್ತದೆಯೇ?

ಹಂಡೆಯ ಮನೆಯಾದರೆ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು. ಒಲೆ ಆರಿದ ಮೇಲೂ ಒಂದೆರಡು ಗಂಟೆ ಬಿಸಿ ನಿಂತಿರುತ್ತದೆ. ಗೀಸರ್ ಹಾಕಿಸಿದ ಮನೆಗಳೂ ಇವೆ. ಹಂಡೆ ಇರುವಲ್ಲಿ ಹಂಡೆಯನ್ನೇ ಬಳಸಿ ಎಂಬುದು ನಮ್ಮ ಸಲಹೆ, ಏಕೆಂದರೆ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಅಥವಾ ಸಿಮೆಂಟಿನ ಒಲೆಯಲ್ಲಿ ಕತ್ತಿನವರೆಗೆ ಹುಗಿದ ತಾಮ್ರದ ಹಂಡೆ. ಒಲೆಯ ಬಾಯಿ ಹೊರಗಡೆ ಇರುತ್ತದೆ, ಒಳಗೆ ಹೊಗೆ ಬರಬಾರದೆಂದು. ಉರಿ ಹಾಕುವುದು ಒಣಗಿದ ಅಡಕೆ ಸೋಗೆ, ಹಾಳೆ, ತೆಂಗಿನ ಸಿಪ್ಪೆ, ಕಟ್ಟಿಗೆ. ನಲವತ್ತು-ಐವತ್ತು ಲೀಟರ್ ಹಿಡಿಯುವ ಹಂಡೆ ಕಾಯಲು ಮುಕ್ಕಾಲು ಗಂಟೆ ಬೇಕು. ಬಳಸುವ ಕ್ರಮ ಇಷ್ಟೇ: ಮೊದಲು ಬಕೆಟ್ಟಿಗೆ ತಣ್ಣೀರು, ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಆಮೇಲೆ ತಂಬಿಗೆಯಿಂದ ಬಿಸಿನೀರು ಬೆರೆಸುತ್ತ ಹೋಗಿ. ಮೊದಲೇ ಬಿಸಿನೀರು ಸುರಿದುಕೊಂಡವರು ಕೈ ಅದ್ದಿ ಸುಟ್ಟುಕೊಳ್ಳುತ್ತಾರೆ. ಎಷ್ಟು ತಂಬಿಗೆ ಬಿಸಿನೀರು ತೆಗೆದಿರೋ ಅಷ್ಟು ತಂಬಿಗೆ ತಣ್ಣೀರನ್ನು ಹಂಡೆಗೆ ವಾಪಸು ಹಾಕಿ. ಇದು ಶಿಷ್ಟಾಚಾರದ ಮಾತಷ್ಟೇ ಅಲ್ಲ. ಕೆಳಗೆ ಕೆಂಡ ಇರುವಾಗ ಹಂಡೆ ಬರಿದಾದರೆ ತಳ ಕಾದು ಬೆಸುಗೆ ಬಿಡುತ್ತದೆ, ಕಂಚುಗಾರರನ್ನು ಹುಡುಕಬೇಕು. ಆ ಕೆಲಸ ಮಾಡುವವರು ಈಗ ಬೆರಳೆಣಿಕೆ. ಸೋಪಿನ ಕೈಯನ್ನು, ಸೋಪು ತಾಗಿದ ತಂಬಿಗೆಯನ್ನು ಹಂಡೆಯೊಳಗೆ ಅದ್ದಬೇಡಿ. ನೀರು ಹೊಗೆಯ ವಾಸನೆ ಹೊಡೆದರೆ ಗಾಬರಿ ಬೇಡ, ಅದು ಕೆಟ್ಟ ನೀರಲ್ಲ.

ಬಚ್ಚಲಿನ ನೀರು ಹೆಚ್ಚಾಗಿ ನೇರವಾಗಿ ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತದೆ. ಕೂದಲಿಗೆ ಬಣ್ಣ ಹಾಕಿ ತೊಳೆಯುವ ಕೆಲಸವನ್ನು ಮನೆಗೆ ಹೋಗಿ ಮಾಡಿಕೊಳ್ಳಿ.

ಬಾಗಿಲು ಹಾಕಲು ಬರುತ್ತಿಲ್ಲ, ತೆಗೆಯಲೂ ಬರುತ್ತಿಲ್ಲ.

ಮಳೆಗಾಲಕ್ಕೆ ಮರ ನೀರು ಕುಡಿದು ಉಬ್ಬುತ್ತದೆ. ಬಾಗಿಲನ್ನು ಚಿಲಕದ ಹತ್ತಿರ ಹಿಡಿದು ಸ್ವಲ್ಪ ಮೇಲಕ್ಕೆತ್ತಿ, ಅದೇ ಹಿಡಿತದಲ್ಲಿ ನೂಕಿ. ಭುಜ ಕೊಟ್ಟು ಗುದ್ದಿದರೆ ಬಿಜಾಗರಿ ಕಿತ್ತು ಬರುತ್ತದೆ. ಮರದ ಅಗುಳಿ ಇದ್ದರೆ ಅದು ಗೋಡೆಯೊಳಗಿನ ತೂತಿನಿಂದ ಅಡ್ಡ ಜಾರಿ ಬರುವ ತೊಲೆ. ಪೂರ್ತಿ ಎಳೆದು ಆಚೆ ಬದಿಯ ಕಿಂಡಿಗೆ ಕೂರಿಸಬೇಕು. ಹೊರಗಿನಿಂದ ಬೀಗ ಹಾಕಲು ಸರಪಳಿ ಇರುತ್ತದೆ. ಬೀಗ ನಿಮ್ಮದೇ ಆದರೆ ನೆಮ್ಮದಿ.

ಕರೆಂಟು? ವೈಫೈ? ಅಲ್ಲಿಂದಲೇ ಕೆಲಸ ಮಾಡಬಹುದೇ?

ಜೂನ್‌ನಿಂದ ಆಗಸ್ಟ್‌ವರೆಗೆ ಅಂಥ ಯೋಜನೆ ಇಟ್ಟುಕೊಳ್ಳಬೇಡಿ. ಕಾಡಿನ ನಡುವೆ ಹಾದು ಬರುವ ತಂತಿಯ ಮೇಲೆ ಒಂದು ಮರ ಬಿದ್ದರೆ ಲೈನ್‌ಮನ್ ಬಂದು ಅದನ್ನು ಹುಡುಕಿ ಸರಿಪಡಿಸುವವರೆಗೆ ಒಂದು ದಿನವೂ ಆಗಬಹುದು, ಮೂರೂ ಆಗಬಹುದು. 150 ಆಂಪಿಯರ್-ಅವರ್ ಬ್ಯಾಟರಿಯ ಒಂದು ಇನ್ವರ್ಟರ್ ಇದ್ದರೆ ಮೂರು ಎಲ್‌ಇಡಿ ದೀಪ, ಎರಡು ಫ್ಯಾನ್ ಆರೇಳು ಗಂಟೆ ನಡೆಯುತ್ತವೆ. ಅದರ ಮೇಲೆ ನಾಲ್ಕು ಲ್ಯಾಪ್‌ಟಾಪ್ ಹಚ್ಚಿದರೆ ಅರ್ಧರಾತ್ರಿಗೇ ಕತ್ತಲು.

ಹಳೇ ಮನೆಯ ವೈರಿಂಗಿಗೆ ಒಂದು ಮಿತಿಯಿದೆ. 1,500 ವ್ಯಾಟಿನ ನೀರು ಕಾಯಿಸುವ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಕೋಣೆಯಲ್ಲಿರುವ ಸಣ್ಣ ಸಾಕೆಟ್ಟು ತಡೆಯುವುದು ಆರು. ಕೆಟಲ್, ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ಯಾವುದನ್ನೂ ಅಲ್ಲಿ ಸಿಕ್ಕಿಸಬೇಡಿ. ಮರದ ಅಟ್ಟ, ಒಣ ಸೋಗೆ ಇರುವ ಮನೆಯಲ್ಲಿ ಕಾದ ತಂತಿಯ ಬಗ್ಗೆ ಯಾರೂ ತಮಾಷೆ ಮಾಡುವುದಿಲ್ಲ. ಬಿಸಿನೀರು ಬೇಕಿದ್ದರೆ ಅಡುಗೆಮನೆಯಲ್ಲಿ ಕೇಳಿದರೆ ಸಾಕು.

ಫೋನ್ ಸಿಗ್ನಲ್ ಸಿಗುವ ಒಂದು ಜಾಗ ಪ್ರತಿ ಮನೆಗೂ ಇರುತ್ತದೆ: ಗುಡ್ಡದ ಮೇಲಿನ ಬಂಡೆ, ಕೊಟ್ಟಿಗೆಯ ಹಿಂದೆ, ಮಾಳಿಗೆಯ ಕಿಟಕಿ. ಬಂದ ದಿನವೇ ಕೇಳಿ ತಿಳಿದುಕೊಳ್ಳಿ.

ಊಟಕ್ಕೆ ಏನಿರುತ್ತದೆ? ಮೀನು, ಮಾಂಸ ಸಿಗುತ್ತದೆಯೇ?

ಘಟ್ಟದ ಮೇಲಿನ ಹವ್ಯಕರ ಮನೆಗಳಲ್ಲಿ ಇಲ್ಲ, ಹೊರಗಿನಿಂದ ತಂದು ತಿನ್ನುವುದಕ್ಕೂ ಒಪ್ಪುವುದಿಲ್ಲ. ಮದ್ಯಕ್ಕೂ ಅದೇ ಮಾತು. ಇದನ್ನು ಬಂದ ಮೇಲೆ ಚರ್ಚೆ ಮಾಡುವುದಕ್ಕಿಂತ ಬರುವ ಮೊದಲೇ ತಿಳಿದಿರುವುದು ಮೇಲು. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ (ನೀರಾದ ಬೆಲ್ಲ), ತುಪ್ಪ. ಮಧ್ಯಾಹ್ನ ಬಾಳೆಲೆಯಲ್ಲಿ ಅನ್ನ, ತಂಬುಳಿ, ಹುಳಿ, ಪಲ್ಯ, ಮಜ್ಜಿಗೆ. ಮಾವಿನಕಾಯಿ ಇದ್ದ ಕಾಲಕ್ಕೆ ಅಪ್ಪೆಹುಳಿ ಇರುತ್ತದೆ. ಅದನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವವರೇ ಹೆಚ್ಚು, ಕುಡಿದು ಮಲಗಿದರೆ ಮಧ್ಯಾಹ್ನದ ನಿದ್ದೆ ಗ್ಯಾರಂಟಿ. ಹಲಸಿನ ಕಾಲಕ್ಕೆ ಹಲಸಿನ ಕಡುಬು, ಮಳೆ ಹಿಡಿದ ಮೇಲೆ ಕೆಸುವಿನ ಪತ್ರೊಡೆ. ಕಾಲವಲ್ಲದ ಕಾಲದಲ್ಲಿ ಇವನ್ನು ಕೇಳಿ ಪ್ರಯೋಜನವಿಲ್ಲ. ತೊಡದೇವು ಎಂಬ ಸಿಹಿತಿಂಡಿ ಮಾಡುವುದನ್ನು ನೋಡಬೇಕಿದ್ದರೆ ಕಬ್ಬಿನ ಹಾಲು ಸಿಗುವ ಆಲೆಮನೆಯ ದಿನಗಳಲ್ಲಿ ಬನ್ನಿ. ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಹಿಟ್ಟು ಸವರಿ, ಕಾಗದದಷ್ಟು ತೆಳ್ಳಗೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಿಚುತ್ತಾರೆ. ಅರೆಗಳಿಗೆ ತಡವಾದರೆ ಮುರಿಯುತ್ತದೆ.

ಕರಾವಳಿಯ ಮನೆಗಳಲ್ಲಿ ಮೀನು ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಸಿಗುವುದು ನಾಡದೋಣಿಯವರು ತಂದಷ್ಟು, ಹೊಳೆ ಮೀನು, ಚಿಪ್ಪಿಮೀನು, ಇಲ್ಲವೇ ಒಣಮೀನು. ಜುಲೈನಲ್ಲಿ ಬಂದು ತಾಜಾ ಇಸವಾಣ (ಅಂಜಲ್ ಮೀನು) ಏಕಿಲ್ಲ ಎಂದು ಮುನಿಸಿಕೊಳ್ಳಬೇಡಿ.

ಔಷಧ ತೆಗೆದುಕೊಳ್ಳುವವರು, ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರು, ಖಾರ ತಡೆಯದ ಮಕ್ಕಳಿರುವವರು ಹಿಂದಿನ ದಿನವೇ ಹೇಳಿ. ಊಟದ ಹೊತ್ತಿಗೆ ಎರಡು ತಾಸು ಮೊದಲು ಎಷ್ಟು ಜನ ಎಂಬುದಂತೂ ಹೇಳಲೇಬೇಕು.

ಅಡುಗೆಮನೆ, ದೇವರ ಕೋಣೆಯೊಳಗೆ ಹೋಗಬಹುದೇ?

ಕೇಳಿ ಹೋಗಿ. ಕೆಲವು ಮನೆಗಳಲ್ಲಿ ಪೂಜೆ ಮುಗಿಯುವವರೆಗೆ ಒಳಗಿನ ಎರಡು ಕೋಣೆ ಹೊರಗಿನವರಿಗೆ ಇಲ್ಲ. ಕೆಲವು ಮನೆಗಳಲ್ಲಿ ನಿಮ್ಮನ್ನೇ ಕರೆದು ಕಾಯಿ ತುರಿಯಲು ಕೂರಿಸುತ್ತಾರೆ. ಚಪ್ಪಲಿ ಅಂಗಳದಲ್ಲೇ ಬಿಡುವುದು ಎಲ್ಲ ಕಡೆ ಒಂದೇ.

ಮನೆಯವರನ್ನು ಏನೆಂದು ಕರೆಯಬೇಕು?

'ಹೆಗಡೇರೆ', 'ಭಟ್ರೆ', 'ನಾಯ್ಕರೆ' ಎಂದು ಅಡ್ಡಹೆಸರು ಹಿಡಿದು ಕರೆಯುವುದು ಇಲ್ಲಿಯ ರೂಢಿ. ಹೆಂಗಸರಿಗೆ ಅಕ್ಕ, ಅಮ್ಮ. ಬಂದ ತಕ್ಷಣ "ಆಸರಿಗೆ ಎಂತ ಬೇಕು?" (ಕುಡಿಯಲು ಏನು ಬೇಕು?) ಎಂದು ಕೇಳುತ್ತಾರೆ. ಏನೂ ಬೇಡ ಅನ್ನಬೇಡಿ; ನೀರು-ಬೆಲ್ಲವೋ ಮುರುಗಲು (ಕೋಕಂ) ಪಾನಕವೋ ಒಂದು ಲೋಟ ಕುಡಿದೇ ಮುಂದಿನ ಮಾತು. ಊಟವಾದ ಮೇಲೆ ಕವಳದ ತಟ್ಟೆ ಬಂದರೆ ಅಭ್ಯಾಸವಿಲ್ಲದವರು ಸುಣ್ಣ, ಹೊಗೆಸೊಪ್ಪು ಬಿಟ್ಟು ಎಲೆ-ಅಡಕೆ ಮಾತ್ರ ಹಾಕಿಕೊಳ್ಳಿ. ಹಸಿ ಅಡಕೆ ತಲೆ ತಿರುಗಿಸುತ್ತದೆ, ಜಾಗ್ರತೆ.

ಅಂಗಳದಲ್ಲಿ ಓಡಾಡಬೇಡಿ ಅನ್ನುತ್ತಾರಲ್ಲ, ಯಾಕೆ?

ಕೊಯ್ಲಿನ ಕಾಲದಲ್ಲಿ ಅಂಗಳವೇ ಅವರ ವರ್ಷದ ಆದಾಯ. ಬೇಯಿಸಿದ ಅಡಕೆ ಒಣಗಲು ಹಾಕಿದಾಗ ಕಾಲಿಟ್ಟರೆ ಮಣ್ಣು ಹತ್ತಿ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಅಡಕೆ ಬೇಯಿಸಿದ ಕೆಂಪು ಚೊಗರು ಬಟ್ಟೆಗೆ ತಾಗಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಬಿಳಿ ಪಂಚೆ, ಬಿಳಿ ಪ್ಯಾಂಟಿನವರು ದೂರ ನಿಂತೇ ನೋಡಿ.

ಮಳೆಗಾಲದ ಶುರುವಿನಲ್ಲಿ ಇನ್ನೊಂದು ಎಚ್ಚರ. ಕೊಳೆರೋಗ ತಡೆಯಲು ಅಡಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರದ ತುದಿಯಿಂದ ಅದು ನೀಲಿ ಮಳೆಯಾಗಿ ಇಳಿಯುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಆ ದಿನ ತೋಟದ ಕಡೆ ತಿರುಗಾಟ ಬೇಡ, ಕಾರನ್ನೂ ತೋಟದಂಚಿನಿಂದ ತೆಗೆದಿಡಿ.

ಉಂಬಳ (ಜಿಗಣೆ), ಉಣ್ಣೆ (ಉಣುಗು), ಹಾವು?

ಉಂಬಳ ಮಳೆಗಾಲದ್ದು, ಅಪಾಯದ್ದಲ್ಲ. ಕಾಲಿಗೆ ತೆಂಗಿನೆಣ್ಣೆಯಲ್ಲಿ ನಶ್ಯಪುಡಿಯೋ ಸುಣ್ಣವೋ ಕಲಸಿ ಹಚ್ಚಿಕೊಂಡರೆ ಹತ್ತುವುದು ಕಡಿಮೆ. ಮಳೆಗೆ ತೊಳೆದುಹೋದರೆ ಮತ್ತೆ ಹಚ್ಚಬೇಕು. ಹತ್ತಿದ್ದನ್ನು ಉಗುರಿನಿಂದ ಬದಿಗೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಸುಮಾರು ಹೊತ್ತು ಸಣ್ಣಗೆ ಒಸರುತ್ತಲೇ ಇರುತ್ತದೆ. ತೊಳೆದು ಹತ್ತಿ ಒತ್ತಿ ಕಟ್ಟಿದರೆ ಸಾಕು.

ಉಣ್ಣೆಯ ವಿಷಯ ಹಾಗಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. ಸಿದ್ದಾಪುರ ತಾಲೂಕಿನಲ್ಲೂ ಅದು ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವುದಿದ್ದರೆ ಉದ್ದ ತೋಳಿನ ಅಂಗಿ, ಸಾಕ್ಸಿನೊಳಗೆ ಸಿಕ್ಕಿಸಿದ ಪ್ಯಾಂಟು, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ. ತರಗೆಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ, ತೀವ್ರ ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ.

ಹಾವು ಕಟ್ಟಿಗೆ ರಾಶಿ, ಕೊಟ್ಟಿಗೆ ಕಡೆ ಬರುತ್ತದೆ, ಹೆಚ್ಚಾಗಿ ಇಲಿ ಹುಡುಕುವ ಕೇರೆ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ, ಶೂ ಕೊಡವಿ ಹಾಕಿಕೊಳ್ಳಿ.

ನೆಲ ಸಗಣಿಯದಂತೆ. ನಿಜವೇ?

ಈಗ ಅಂಗಳಕ್ಕೆ, ಅಪರೂಪಕ್ಕೆ ಹಳೇ ಜಗಲಿಗೆ ಮಾತ್ರ. ಒಳಗೆ ಹೆಚ್ಚಾಗಿ ಕೆಂಪು ಕಾವಿ ನೆಲ ಅಥವಾ ಸಿಮೆಂಟು. ಕಾವಿ ನೆಲದ ಮೇಲೆ ಮಂಚ, ಪೆಟ್ಟಿಗೆ ಎಳೆದಾಡಿದರೆ ಗೀರು ಬೀಳುತ್ತದೆ, ಆ ಬಣ್ಣಕ್ಕೆ ಸರಿಹೊಂದಿಸಿ ತೇಪೆ ಹಾಕುವುದು ಆಗದ ಕೆಲಸ. ಲಿಂಬೆಹಣ್ಣು, ಹುಣಸೆ ರಸ ಚೆಲ್ಲಿದರೆ ಕೂಡಲೇ ಒರೆಸಿ.

ಬರುವುದು ಹೇಗೆ?

ಶಿರಸಿಗೆ ರೈಲಿಲ್ಲ. ಬೆಂಗಳೂರು, ಮೈಸೂರು ಕಡೆಯವರು ತಾಳಗುಪ್ಪದಲ್ಲಿ ಇಳಿದರೆ ಸಿದ್ದಾಪುರದ ಮೇಲೆ ಸುಮಾರು 55 ಕಿ.ಮೀ. ಹುಬ್ಬಳ್ಳಿಯಿಂದ ರಸ್ತೆಯಲ್ಲಿ ನೂರು ಕಿ.ಮೀ. ಚಿಲ್ಲರೆ. ಕರಾವಳಿಗೆ ಕೊಂಕಣ ರೈಲು: ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರ, ಕಾರವಾರದ್ದು ಶಿರವಾಡದಲ್ಲಿ. ರಾತ್ರಿ ರೈಲಿಗೆ ಇಳಿಯುವವರು ಆಟೋವನ್ನು ಮನೆಯವರ ಮೂಲಕ ಮೊದಲೇ ಹೇಳಿಡಿ. ಮಳೆಗಾಲದಲ್ಲಿ ಕೊಂಕಣ ರೈಲು ವೇಗ ತಗ್ಗಿಸಿ ಬೇರೆ ವೇಳಾಪಟ್ಟಿಯಲ್ಲಿ ಓಡುತ್ತದೆ. ಜನವರಿಯಲ್ಲಿ ನೋಡಿಟ್ಟ ಸಮಯ ಜುಲೈಗೆ ನಡೆಯುವುದಿಲ್ಲ.

ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಯೇ ಹೊರಡಿ, ಅದು ದೇವಿಮನೆ ಘಟ್ಟವಿರಲಿ, ಅರಬೈಲ್ ಘಟ್ಟವಿರಲಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿ ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿಯಿತು. ಹೊರಡುವ ಟಿಕೆಟಿಗೂ ಕೊನೆಯ ರಾತ್ರಿಗೂ ನಡುವೆ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಕೊನೆಯ ನಾಲ್ಕು ಕಿಲೋಮೀಟರಿಗೆ ಫೋನಿನ ನಕ್ಷೆ ನಂಬಬೇಡಿ. ಅದು ತೋಟದ ಕಾಲುದಾರಿಯನ್ನೂ ರಸ್ತೆಯೆಂದೇ ತೋರಿಸುತ್ತದೆ, ಒಂದೇ ಹೆಸರಿನ ಊರು ಎರಡು ತಾಲೂಕಿನಲ್ಲಿ ಇರುತ್ತದೆ. ಬಸ್ ನಿಲ್ಲುವ ಕ್ರಾಸಿನ ಹೆಸರು, ಅಲ್ಲಿನ ಅಂಗಡಿ ಅಥವಾ ಶಾಲೆಯ ಗುರುತು ಬರೆದುಕೊಳ್ಳಿ. ಬೆಳಕಿರುವಾಗಲೇ ತಲುಪಿ.

ಶಿರಸಿ ಕಡೆ ಉಳಿದರೆ ಎರಡು ದಿನದಲ್ಲಿ ಏನು ನೋಡಬಹುದು?

ದಿನಕ್ಕೆ ಎರಡೇ ಜಾಗ. ಸೋಂದಾ ಕಡೆ ಒಂದು ದಿನ: ಶಾಲ್ಮಲಾ ಹೊಳೆಯ ಸಹಸ್ರಲಿಂಗ, ವಾದಿರಾಜರ ಮಠ. ಮಳೆಗಾಲದಲ್ಲಿ ಲಿಂಗಗಳು ನೀರಿನಡಿ ಇರುತ್ತವೆ, ಹೊಳೆಗೆ ಇಳಿಯುವ ಮಾತೇ ಇಲ್ಲ. ಇನ್ನೊಂದು ದಿನ ಬನವಾಸಿಯ ಮಧುಕೇಶ್ವರ ದೇವಸ್ಥಾನ, ಇಲ್ಲವೇ ಯಾಣ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಸಿದ್ದಾಪುರ ಕಡೆ ಉಳಿದವರಿಗೆ 116 ಮೀಟರಿನ ಉಂಚಳ್ಳಿ ಜಲಪಾತ ಹತ್ತಿರ. ಆಗಸ್ಟಿನಲ್ಲಿ ಹೋದರೆ ಬರೀ ಮಂಜು ಕಾಣುವ ಸಾಧ್ಯತೆಯೇ ಹೆಚ್ಚು, ಸೆಪ್ಟೆಂಬರ್ ಕೊನೆ ವಾಸಿ.

ಕಾರವಾರದಲ್ಲಿ ಟಾಗೋರ್ ಉಳಿದಿದ್ದ ಮನೆಯಲ್ಲಿ ತಂಗಬಹುದೇ?

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ರವೀಂದ್ರನಾಥರು 1880ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದದ್ದು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಅತಿಥಿಯಾಗಿ, ವಸತಿಗೃಹಕ್ಕಲ್ಲ. ಅವರ ಹೆಸರಿನ ಕಡಲತೀರ ಊರಿನಲ್ಲೇ ಇದೆ. ಸಂಜೆ ಅಲ್ಲಿ ನಡೆದಾಡಿ.

ಸರ್ಕಾರಿ ಐಬಿ (ಇನ್‌ಸ್ಪೆಕ್ಷನ್ ಬಂಗಲೆ), ಪ್ರವಾಸಿ ಮಂದಿರ ಸಿಗುತ್ತದೆಯೇ?

ಸಿಗಬಹುದು, ಆದರೆ ಅವು ಮೊದಲು ಅಧಿಕಾರಿಗಳಿಗೆ. ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ ಬಂಗಲೆಗಳು ಕೆಲವು ಕಡೆ ಉಳಿದಿವೆ. ಎತ್ತರದ ಮಾಡು, ಅಗಲ ವರಾಂಡ, ಒಳ್ಳೇ ಗಾಳಿ. ಲೋಕೋಪಯೋಗಿ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು. ಯಾರಾದರೂ ಅಧಿಕಾರಿ, ಮಂತ್ರಿ ಬಂದರೆ ನಿಮ್ಮ ಬುಕಿಂಗ್ ರದ್ದು. ಊಟವನ್ನು ಮೇಟಿಗೆ (ಬಂಗಲೆ ನೋಡಿಕೊಳ್ಳುವವರಿಗೆ) ಮೊದಲೇ ಹೇಳಬೇಕು, ದಿನಸಿ ದುಡ್ಡು ಬೇರೆ. ಮಕ್ಕಳು ಮರಿ ಕಟ್ಟಿಕೊಂಡು ಬರುವವರು ಇದೊಂದನ್ನೇ ನಂಬಿ ಹೊರಡಬೇಡಿ.

ಡ್ರೋನ್ ತರಬಹುದೇ?

ಕಾರವಾರ, ಅಂಕೋಲಾ ಕಡೆ ಬೇಡ. ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರ ಇದೆ. ನೌಕಾನೆಲೆಯ ಗೇಟು, ಬೇಲಿಯ ಫೋಟೋವನ್ನೂ ತೆಗೆಯಬೇಡಿ.

ಗುರುತಿನ ಚೀಟಿ, ಹಣ?

ಎಲ್ಲರ ಗುರುತಿನ ಚೀಟಿ ತನ್ನಿ. ವಿದೇಶಿ ಗೆಳೆಯರಿದ್ದರೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಮನೆಯವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಸಿಗ್ನಲ್ ಇಲ್ಲದ ಊರಲ್ಲಿ ಅದಕ್ಕೇ ಅರ್ಧ ದಿನ ಹಿಡಿಯುವುದರಿಂದ ಪ್ರತಿಯನ್ನು ಹೊರಡುವ ಮೊದಲೇ ಕಳಿಸಿ. ಯುಪಿಐ ಎಲ್ಲರ ಹತ್ತಿರ ಇದೆ, ಟವರ್ ಬಿದ್ದ ದಿನ ಇಲ್ಲ. ಎರಡು ದಿನದ ಖರ್ಚಿನಷ್ಟು ನಗದು ಇಟ್ಟುಕೊಳ್ಳಿ.

ಹೋಗುವಾಗ ಮನೆಯವರಿಂದ ಏನಾದರೂ ಕೊಳ್ಳಬಹುದೇ?

ಜೇನುತುಪ್ಪ, ಜೋನಿ ಬೆಲ್ಲ, ಮುರುಗಲು ಸಿಪ್ಪೆ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ. ಇದ್ದರೆ ಕೊಡುತ್ತಾರೆ; ಇಲ್ಲದಿದ್ದರೆ ಶಿರಸಿಯ ಟಿಎಸ್‌ಎಸ್ ಸೂಪರ್ ಮಾರ್ಕೆಟ್ಟಿನಲ್ಲಿ ಇವೆಲ್ಲ ಸಿಗುತ್ತವೆ. ಜೋನಿ ಬೆಲ್ಲವನ್ನು ಡಬ್ಬಿಯ ಬಾಯಿವರೆಗೆ ತುಂಬಿಸಬೇಡಿ. ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಉಕ್ಕಿ ಮುಚ್ಚಳ ಎಬ್ಬಿಸುತ್ತದೆ. ಎರಡಿಂಚು ಖಾಲಿ ಬಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ.